ಹೊಗೆಯೆಂಬ ಹಗೆ

ಹೊಗೆಸೊಪ್ಪಿನ ಕೇಡೆಂದರೆ ಶ್ವಾಸಕೋಶ, ಕ್ಯಾನ್ಸರು ಇಷ್ಟೇ ನಮ್ಮ ನೆನಪಿಗೆ ಬರುತ್ತವೆ. ಅದರ ಹೊಗೆ ಮೊದಲು ಕೈಯಿಡುವ ಇನ್ನೊಂದು ಜಾಗವಿದೆ. ಅದು ನಮ್ಮ ರಕ್ತನಾಳ. ಸೇದುವವನ ನಾಳ ಮಾತ್ರವಲ್ಲ, ಅವನ ಪಕ್ಕದಲ್ಲಿ ಕುಳಿತವರದೂ ಹೌದು.

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ನುಣುಪಾದ ಪದರವೊಂದಿದೆ. ಇದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸಿ ನಾಳವನ್ನು ಸಡಿಲವಾಗಿಡುತ್ತದೆ. ರಕ್ತವು ಅಲ್ಲಲ್ಲಿ ಹೆಪ್ಪುಗಟ್ಟದಂತೆ ಕಾಯುತ್ತದೆ. ಈ ಗುಟ್ಟನ್ನು ಬಯಲಿಗೆಳೆದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೊಗೆ ತಗಲಿದಾಗ ಈ ಅನಿಲ ಕಡಮೆಯಾಗುತ್ತದೆ. ನಿಕೋಟಿನ್ ನಾಳವನ್ನು ಕುಗ್ಗಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಕಸಿದುಕೊಳ್ಳುತ್ತದೆ. ಹೂಳು ತುಂಬಿದ ಕಾಲುವೆಯಿಂದ ಕೊನೆಯ ಗದ್ದೆಗೆ ನೀರು ಹೇಗೆ ತಲಪದೋ ಹಾಗೆ, ಕೊಬ್ಬು ಕಟ್ಟಿದ ನಾಳದಿಂದ ಹೃದಯಕ್ಕೂ ಮಿದುಳಿಗೂ ರಕ್ತ ಸಾಲದಾಗುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳ ಮೂಲ ಇಲ್ಲಿದೆ.

1908ರಲ್ಲಿ ಲಿಯೊ ಬರ್ಗರ್ ಎಂಬ ವೈದ್ಯರು ವಿವರವಾಗಿ ವರ್ಣಿಸಿದ ರೋಗವೊಂದುಂಟು. ಕೈಕಾಲುಗಳ ಸಣ್ಣ ನಾಳಗಳು ಮುಚ್ಚಿ, ಬೆರಳುಗಳು ಕಪ್ಪಾಗಿ ಕೊಳೆಯುತ್ತವೆ. ಇದು ಬರುವುದು ಬಹುಮಟ್ಟಿಗೆ ಹೊಗೆಸೊಪ್ಪಿನ ಚಟವಿರುವವರಿಗೇ. ನಮ್ಮ ದೇಶದಲ್ಲಿ ಬೀಡಿ ಸೇದುವ ದುಡಿಮೆಗಾರರಲ್ಲಿ, ಅದೂ ನಡುವಯಸ್ಸಿಗೆ ಮೊದಲೇ, ಕಾಣಿಸಿಕೊಳ್ಳುತ್ತದೆ. ಚಟವನ್ನು ಪೂರ್ತಿಯಾಗಿ ಬಿಡುವುದೇ ಇದಕ್ಕೆ ಮುಖ್ಯವಾದ ಚಿಕಿತ್ಸೆ. ಬಿಡದಿದ್ದರೆ ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾಗಿ ಬರಬಹುದು.

ಇನ್ನು ಸೇದದವರ ಪಾಡೇನು? ಆರೋಗ್ಯವಂತರಾದ ಧೂಮಪಾನಿಗಳಲ್ಲದವರು ಬರಿಯ 30 ನಿಮಿಷ ಪರರ ಹೊಗೆಯಲ್ಲಿ ಕುಳಿತಾಗ ಅವರ ಹೃದಯದ ರಕ್ತನಾಳಗಳ ಶಕ್ತಿ ಕುಂದಿದ್ದನ್ನು ಜಪಾನಿನ ವೈದ್ಯರು 2001ರಲ್ಲಿ ಪ್ರಕಟಿಸಿದರು. ಸದಾ ಇಂಥ ಹೊಗೆಯಲ್ಲಿರುವವರಿಗೆ ಹೃದ್ರೋಗದ ಸಂಭವ ನೂರಕ್ಕೆ 25ರಿಂದ 30ರಷ್ಟು ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್‌ರ 2006ರ ವರದಿ ತಿಳಿಸಿತು.

ಈ ವಿಷಯದಲ್ಲಿ ನಮ್ಮ ಕೇರಳ ಮುಂದೆ ನಡೆದಿತ್ತು. ಸಾರ್ವಜನಿಕ ಸ್ಥಳದ ಧೂಮಪಾನವು ಇತರರ ಬದುಕುವ ಹಕ್ಕಿಗೆ ಚ್ಯುತಿಯೆಂದು ರಾಜ್ಯದ ಹೈಕೋರ್ಟು 1999ರ ಜುಲೈ 12ರಂದು ತೀರ್ಪಿತ್ತಿತು. 2003ರಲ್ಲಿ ಕೇಂದ್ರದ ಕಾನೂನು ಬಂತು. 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಬಿಗಿಯಾದ ನಿಯಮಗಳು ಜಾರಿಯಾದುವು. ಬತ್ತೇರಿಯ ಬಸ್ ನಿಲ್ದಾಣದಲ್ಲಾಗಲಿ ಕಲ್ಪೆಟ್ಟದ ಚಹದಂಗಡಿಯಲ್ಲಾಗಲಿ ಬೀಡಿ ಹಚ್ಚಿದವನನ್ನು ಇಂದು ಯಾರೂ ತಡೆಯಬಹುದು.

ಆದರೆ ಕಾನೂನು ಮನೆಯ ಹೊಸಿಲಿನಲ್ಲಿ ನಿಂತುಬಿಡುತ್ತದೆ. ವಯನಾಡಿನ ಮಳೆಗಾಲದಲ್ಲಿ ಬಾಗಿಲು ಕಿಟಕಿಗಳು ಮುಚ್ಚಿರುತ್ತವೆ. ಅಜ್ಜನ ಬೀಡಿಯ ಹೊಗೆ ಸೊಸೆಗೂ ಮೊಮ್ಮಕ್ಕಳಿಗೂ ಸಮಪಾಲು. ಹಿರಿಯರಿಗೆ ಹೇಳುವುದು ಹೇಗೆಂಬ ಸಂಕೋಚದಿಂದ ಮನೆಮಂದಿ ಸುಮ್ಮನಿರುತ್ತಾರೆ. ಕಿಟಕಿಯೊಂದನ್ನು ತೆರೆದಿಟ್ಟರೆ ಸಾಲದು; ಮನೆಯೊಳಗೆ ಹಚ್ಚದಿರುವುದೇ ಸರಿಯಾದ ದಾರಿ.

ಬಿಡಲು ತಡವಾಯಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಚಟ ಬಿಟ್ಟು ಒಂದು ವರ್ಷವಾಗುವಾಗ ಅದರಿಂದುಂಟಾದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ; ಸಮೀಪದ ಆರೋಗ್ಯ ಕೇಂದ್ರದ ವೈದ್ಯರೂ ನೆರವಾಗುತ್ತಾರೆ. ಹಿರಿಯರೊಡನೆ ವಾದಕ್ಕಿಳಿಯದೆ, ಮೊಮ್ಮಕ್ಕಳ ಆರೋಗ್ಯದ ಹೆಸರಿನಲ್ಲಿ ವಿನಯದಿಂದ ಕೇಳಿಕೊಳ್ಳಿ. ಮಕ್ಕಳಿಗಾಗಿ ಎಷ್ಟೋ ಸುಖಗಳನ್ನು ತ್ಯಜಿಸಿದ ಆ ಜೀವಗಳು ಈ ಮಾತನ್ನೂ ನಡೆಸಿಕೊಡದಿರಲಾರವು.