ಯುದ್ಧದ ಲಾರಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಳೆಯ ದೇವಾಲಯ. ಆದರೆ ಯೂರೋಪು, ಅಮೆರಿಕಗಳಲ್ಲಿ ಎರಡನೆಯ ಮಹಾಯುದ್ಧದ ಲಾರಿಗಳನ್ನು ಅಷ್ಟೇ ಶ್ರದ್ಧೆಯಿಂದ ಜೀರ್ಣೋದ್ಧಾರ ಮಾಡುವ ಹವ್ಯಾಸಿಗಳಿದ್ದಾರೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟೊಂದು ಆರೈಕೆ ಏಕೆ, ಆ ಆರೈಕೆಯ ಎಲ್ಲೆ ಯಾವುದು ಎಂಬುದು ಇಂದಿನ ನನ್ನ ವಿಷಯ.

ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಯುದ್ಧಕಾಲದಲ್ಲಿ ತಯಾರಿಸಿದ ಎರಡೂವರೆ ಟನ್ನಿನ ಜಿ.ಎಂ.ಸಿ. ಲಾರಿಯನ್ನೇ ತೆಗೆದುಕೊಳ್ಳೋಣ. ಸೈನಿಕರು ಅದನ್ನು ಅಕ್ಕರೆಯಿಂದ 'ಜಿಮ್ಮಿ' ಎಂದು ಕರೆದರು. 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ಇಂಥ ಲಾರಿಗಳು ಹೊರಬಂದವು. ಆರು ಸಿಲಿಂಡರುಗಳ ಪೆಟ್ರೋಲ್ ಎಂಜಿನು. ಮುಂದಿನ ಅಚ್ಚಿಗೂ ಹಿಂದಿನ ಎರಡು ಅಚ್ಚುಗಳಿಗೂ ಚಾಲನಶಕ್ತಿ. ಹಾಗಾಗಿ ಕೆಸರಿನಲ್ಲಿಯೂ ಅದು ಹೆಜ್ಜೆ ಕೀಳಬಲ್ಲದು.

1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನೊಳಗೆ ಧಾವಿಸಿದಾಗ ರೈಲುಮಾರ್ಗಗಳು ಬಾಂಬಿಗೆ ಸಿಕ್ಕಿ ಛಿದ್ರವಾಗಿದ್ದವು. ಆಗಸ್ಟ್ 25ರಿಂದ ನವೆಂಬರ್ 16ರವರೆಗೆ 'ರೆಡ್ ಬಾಲ್ ಎಕ್ಸ್‌ಪ್ರೆಸ್' ಎಂಬ ಲಾರಿಗಳ ಸಾಲು ಹಗಲಿರುಳೆನ್ನದೆ ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಸಾಮಗ್ರಿಯನ್ನು ಸಾಗಿಸಿತು. ಚಾಲಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನಾಂಗದವರು. ಬಿಳಿಯರ ಪಡೆಗಳಲ್ಲಿ ಅವರಿಗೆ ಸ್ಥಾನವಿರದಿದ್ದ ಕಾಲವದು. ಇತ್ತ ನಮ್ಮ ಅಸ್ಸಾಮಿನ ಲೇಡೊದಿಂದ 1945ರ ಜನವರಿಯಲ್ಲಿ ಹೊರಟ ಲಾರಿಗಳ ಮೊದಲ ಸಾಲು, ಬರ್ಮದ ಕಾಡುಬೆಟ್ಟಗಳನ್ನು ದಾಟಿ ಫೆಬ್ರವರಿಯಲ್ಲಿ ಚೀನದ ಕುನ್ಮಿಂಗ್ ತಲುಪಿತು.

ಇಂಥ ಲಾರಿಯನ್ನು ದುರಸ್ತಿಗೆ ತೆಗೆದುಕೊಂಡವನಿಗೆ ಎದುರಾಗುವ ಮೊದಲ ಪ್ರಶ್ನೆ, ಹಳೆಯ ಗ್ರಂಥವನ್ನು ಸಂಪಾದಿಸುವ ವಿದ್ವಾಂಸನ ಪ್ರಶ್ನೆಯೇ: ಮೂಲಪಾಠ ಯಾವುದು? ಒಂದೇ ಚಾಸಿಯ ಮೇಲೆ ಸರಕಿನ ಪೆಟ್ಟಿಗೆ, ಪೆಟ್ರೋಲ್ ಟ್ಯಾಂಕು, ಸಂಚಾರಿ ಕಾರ್ಖಾನೆ ಎಲ್ಲವೂ ಕುಳಿತದ್ದುಂಟು. ಉಕ್ಕನ್ನು ಉಳಿಸಲೆಂದು ಸರಕುಪೆಟ್ಟಿಗೆಯನ್ನು ಮರದಲ್ಲಿ ಕಟ್ಟಿದರು. ಮುಚ್ಚಿದ ಕ್ಯಾಬಿನ್ ಹೋಗಿ ಕ್ಯಾನ್‌ವಾಸಿನ ಹೊದಿಕೆ ಬಂತು. ವೇಗವನ್ನು ಹಿಡಿದಿಡಲು ಎಂಜಿನಿಗೆ ಜೋಡಿಸಿದ್ದ ಗವರ್ನರನ್ನು ರೆಡ್ ಬಾಲ್ ಚಾಲಕರೇ ಎಷ್ಟೋ ಲಾರಿಗಳಲ್ಲಿ ಕಳಚಿಹಾಕಿದರು. ಯುದ್ಧಾನಂತರ ಕೆಲವು ಲಾರಿಗಳು ಅಗ್ನಿಶಾಮಕ ವಾಹನಗಳಾದವು, ಕೆಲವು ಮರದ ದಿಮ್ಮಿ ಹೊತ್ತವು. ಮಾರ್ಪಾಟೇ ಈ ಲಾರಿಯ ಚರಿತ್ರೆ.

ಆದ್ದರಿಂದ ಬಲ್ಲವನು ಬಣ್ಣವನ್ನು ಒಮ್ಮೆಗೇ ಕೆರೆದುಹಾಕುವುದಿಲ್ಲ. ಉಪ್ಪುಕಾಗದದಿಂದ ಪದರ ಪದರವಾಗಿ ಉಜ್ಜುತ್ತ ಹೋಗುತ್ತಾನೆ. ಅಗ್ನಿಶಾಮಕ ದಳದ ಕೆಂಪಿನಡಿಯಲ್ಲಿ ಸೈನ್ಯದ ಮಾಸಲು ಹಸಿರು, ಅದರೊಳಗಿಂದ ಬಿಳಿಯ ನಕ್ಷತ್ರ, ಬಾನೆಟ್ಟಿನ ಮೇಲಿನ ಅಂಕಿಗಳು ಒಮ್ಮೊಮ್ಮೆ ಮೂಡಿಬರುತ್ತವೆ. ಶಾಸನವನ್ನು ಓದುವಂಥ ಕೆಲಸವಿದು.

ಹಾಗಾದರೆ ಹೊಸದೇನನ್ನೂ ಸೇರಿಸಬಾರದೆ? ಬ್ರೇಕಿನ ಮಟ್ಟಿಗಾದರೂ ಹಾಗೆನ್ನಲಾಗದು. ಈ ಲಾರಿಯ ಆರೂ ಚಕ್ರಗಳ ಬ್ರೇಕಿಗೆ ಎಣ್ಣೆಯ ಒತ್ತಡ ಹರಿಯುವುದು ಒಂದೇ ಜಾಲದಲ್ಲಿ. ಎಲ್ಲಿಯಾದರೂ ಒಂದು ರಬ್ಬರು ಕೊಳವೆ ಒಡೆದರೆ ಎಲ್ಲ ಚಕ್ರಗಳ ಬ್ರೇಕೂ ಸೋಲುತ್ತದೆ. ಜಾಲವನ್ನು ಎರಡಾಗಿ ಬೇರ್ಪಡಿಸಿದರೆ ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ಜನ ಓಡಾಡುವ ಬೀದಿಗೆ ಲಾರಿಯನ್ನು ತರುವವನು ಇಂಥ ಮಾರ್ಪಾಟಿಗೆ ನಾಚಬೇಕಾಗಿಲ್ಲ. ಕಳಚಿ ಮತ್ತೆ ಮೊದಲಿನಂತೆ ಜೋಡಿಸಬಹುದಾದ ಬದಲಾವಣೆಯನ್ನು ನಾನು ಒಪ್ಪುತ್ತೇನೆ. ಡೀಸೆಲ್ ಎಂಜಿನನ್ನು ಕೂರಿಸುವುದಕ್ಕಾಗಿ ಚಾಸಿಯನ್ನೇ ಕತ್ತರಿಸುವುದನ್ನು ಒಪ್ಪಲಾರೆ. ಅದು ಓಲೆಗರಿಯ ಅಂಚನ್ನು ಕತ್ತರಿಸಿ ಕಟ್ಟಿಗೆ ಹೊಂದಿಸಿದಂತೆ.

ಇವೆಲ್ಲಕ್ಕಿಂತ ದೊಡ್ಡ ಅಪಚಾರ ಇನ್ನೊಂದಿದೆ. ಲಾರಿಯ ಪೂರ್ವವೃತ್ತಾಂತ ತಿಳಿಯದಿದ್ದರೂ ಹೆಸರಾಂತ ಕಾಳಗದ ಪಡೆಯೊಂದರ ಗುರುತನ್ನು ಅದರ ಮೇಲೆ ಬರೆಯಿಸುವ ಆಸೆ. ಮೆರವಣಿಗೆಯಲ್ಲಿ ಅದು ಚೆನ್ನಾಗಿ ಕಂಡೀತು. ಆದರೆ ಅದು ಗ್ರಂಥಕ್ಕೆ ಸೇರಿಸಿದ ಪ್ರಕ್ಷಿಪ್ತ. ನಿದ್ದೆಗೆಟ್ಟು ರೊಟ್ಟಿಯನ್ನೂ ಪೆಟ್ರೋಲನ್ನೂ ಹೊತ್ತು ತಂದ ಚಾಲಕರ ಹೆಸರು ಹೆಚ್ಚಿನ ಯುದ್ಧಚರಿತ್ರೆಗಳಲ್ಲಿ ಬಂದಿಲ್ಲ. ಅವರು ದುಡಿದ ಕುರುಹು ಉಳಿದಿರುವುದು ಈ ಲಾರಿಗಳಲ್ಲಿ. ಅದನ್ನೂ ಅಳಿಸಿ ಬೇರೆಯವರ ಕೀರ್ತಿಯನ್ನು ಬರೆದರೆ ನಾವು ಕಾಪಾಡಿದಂತಾಗುವುದು ಕಬ್ಬಿಣವನ್ನು ಮಾತ್ರ.