ಪರಸ್ಥಳದಲ್ಲಿ ಬಸಿರು-ಬಾಣಂತನ: ಮಿಷನರಿ ಕುಟುಂಬಗಳಿಂದ ನಾವು ಕಲಿಯಬೇಕಾದದ್ದು

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದಕ್ಕಾಗಿಯೇ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವ ಪದ್ಧತಿ ನಮ್ಮಲ್ಲಿ ಬೆಳೆದು ಬಂದಿದೆ. ತವರಿನಲ್ಲಿ ತಾಯಿಯ ಕೈ ಊಟವಿದೆ, ಅಕ್ಕಪಕ್ಕದವರ ನೆರವಿದೆ, ಯಾವ ಆಸ್ಪತ್ರೆಗೆ ಹೋಗಬೇಕೆಂಬ ತಿಳಿವಳಿಕೆ ಇದೆ. ಆದರೆ ತವರು ನೂರಾರು ಮೈಲಿ ದೂರದಲ್ಲಿದ್ದರೆ? ಅಥವಾ ಸಮುದ್ರದ ಆಚೆ ಇದ್ದರೆ?

ಈ ಪ್ರಶ್ನೆ ನಮಗೆ ಹೊರಗಿನದಲ್ಲ. ಮಳೆ ಕೈಕೊಟ್ಟ ವರ್ಷ ರಾಯದುರ್ಗದ ಕಡೆಯಿಂದ ಬಳ್ಳಾರಿಗೆ, ಮಡಕಶಿರದ ಕಡೆಯಿಂದ ಹಿಂದೂಪುರ, ತುಮಕೂರು, ಬೆಂಗಳೂರಿಗೆ ಕುಟುಂಬಗಳು ಕೆಲಸ ಹುಡುಕಿಕೊಂಡು ಹೋಗುತ್ತವೆ. ದಾದಿಯರಾಗಿ, ಉಪಾಧ್ಯಾಯರಾಗಿ, ಶ್ರೀಸಾಮಾನ್ಯ ಸೇವಕರಾಗಿ ಹೊರರಾಜ್ಯಕ್ಕೂ ಹೊರದೇಶಕ್ಕೂ ಹೋಗುವ ದಂಪತಿಗಳೂ ಇದ್ದಾರೆ. ಹೀಗೆ ಪರಸ್ಥಳದಲ್ಲಿ ಸಂಸಾರ ಬೆಳೆಸಿದವರಲ್ಲಿ, ನಮ್ಮ ನಾಡಿಗೆ ಬಂದ ಮಿಷನರಿ ಕುಟುಂಬಗಳ ಅನುಭವ ಬಹಳ ಪಾಠ ಕಲಿಸುತ್ತದೆ. ಅವರ ಗಂಡಂದಿರ ಹೆಸರು ಪುಸ್ತಕಗಳಲ್ಲಿವೆ. ಮಡದಿಯರು ಪಟ್ಟ ಪಾಡು ಅಷ್ಟಾಗಿ ಕಾಣುವುದಿಲ್ಲ.

ಅಂದಿನ ತಾಯಂದಿರು

ಲಂಡನ್ ಮಿಷನ್ನಿನವರು 1810ರಲ್ಲಿ ಬಳ್ಳಾರಿಗೆ ಬಂದರು. 1953ರವರೆಗೆ ನಮ್ಮ ರಾಯದುರ್ಗ ತಾಲ್ಲೂಕೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆ ನಿಂತಿತು. ಬಾಸೆಲ್ ಮಿಷನ್ನಿನ ಯುವಕರು ಒಂಟಿಯಾಗಿ ಬಂದು ಕೆಲವು ವರ್ಷ ದುಡಿದ ಮೇಲೆಯೇ ಮದುವೆಗೆ ಅನುಮತಿ ಕೇಳಬೇಕಿತ್ತು. ವಧು ಹಡಗಿನಲ್ಲಿ ಬರುತ್ತಿದ್ದಳು. ವರನನ್ನು ಸರಿಯಾಗಿ ಕಂಡೇ ಇರದ ವಧುಗಳೂ ಇದ್ದರು. ಬಂದ ವರ್ಷವೊಂದರಲ್ಲೇ ಬಸಿರು. ಭಾಷೆ ಬಾರದು, ಹವೆ ಒಗ್ಗದು, ಹತ್ತಿರ ತಾಯಿಯಿಲ್ಲ.

ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನೆಂಡ್ ಕಿಟ್ಟೆಲರ ಹೆಸರು ಕೇಳದ ಕನ್ನಡಿಗರಿಲ್ಲ. ಅವರ ಮೊದಲ ಮಡದಿ ಪೌಲೀನಾ ಚಿಕ್ಕ ಗಂಡುಮಕ್ಕಳಿಬ್ಬರನ್ನು ಬಿಟ್ಟು 1864ರಲ್ಲಿ ತೀರಿಕೊಂಡರು. ಮುಂದೆ ಪೌಲೀನಾರ ತಂಗಿ ಜೂಲಿಯೇ ಕಿಟ್ಟೆಲರ ಕೈಹಿಡಿದರು. ಅಕ್ಕ ಸತ್ತ ಮನೆಗೆ ತಂಗಿ ಬರುವುದು ನಮಗೂ ಗೊತ್ತಿರುವ ಸಂಗತಿ. ಆ ಕಾಲದ ಯೂರೋಪಿಯನ್ ಮನೆಗಳಲ್ಲೂ ಅದೇ ದುಃಖವಿತ್ತು.

ಆ ದಿನಗಳಲ್ಲಿ ಬಸುರಿಯರೂ ಬಾಣಂತಿಯರೂ ಅಷ್ಟು ಮಂದಿ ಏಕೆ ಸಾಯುತ್ತಿದ್ದರು? ಮುಖ್ಯ ಕಾರಣಗಳಲ್ಲಿ ಎರಡನ್ನು ತಿಳಿದುಕೊಳ್ಳೋಣ. ಒಂದು, ಮಲೇರಿಯಾ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಎಲ್ಲರೂ ನಂಬಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಅದೂ ಸಿಕಂದರಾಬಾದಿನಲ್ಲಿ. ಬಸುರಿಗೆ ಈ ಜ್ವರ ಬಂದರೆ ರೋಗಾಣು ಮಾಸಿನಲ್ಲಿ, ಅಂದರೆ ಮಗುವಿಗೆ ಆಹಾರ ಸಾಗಿಸುವ ಅಂಗದಲ್ಲಿ, ಅಡಗಿ ಕೂರುತ್ತದೆ. ತಾಯಿಯ ರಕ್ತ ಕುಗ್ಗುತ್ತದೆ, ಮಗು ತೂಕವಿಲ್ಲದೆ ಹುಟ್ಟುತ್ತದೆ ಅಥವಾ ಗರ್ಭ ನಿಲ್ಲುವುದಿಲ್ಲ. ಎರಡು, ಬಾಣಂತಿ ಜ್ವರ. ಹೆರಿಗೆ ಮಾಡಿಸುವವರ ಕೈಯಿಂದಲೇ ನಂಜು ತಗಲುತ್ತದೆಂದು ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ 1847ರಲ್ಲಿ ತೋರಿಸಿಕೊಟ್ಟರೂ, ವೈದ್ಯರು ಅದನ್ನು ಒಪ್ಪಲು ಬಹಳ ವರ್ಷ ಹಿಡಿಯಿತು. ಒಂದಕ್ಕೆ ಸೊಳ್ಳೆಪರದೆ, ಇನ್ನೊಂದಕ್ಕೆ ಸೋಪಿನಿಂದ ತೊಳೆದ ಕೈ: ಇಷ್ಟರಿಂದಲೇ ಎಷ್ಟೋ ಜೀವ ಉಳಿಯಬಹುದಿತ್ತು.

ಮಕ್ಕಳು ಬದುಕಿದರೂ ಇನ್ನೊಂದು ಅಗಲಿಕೆ ಕಾದಿತ್ತು. ಹವೆ ಒಗ್ಗದೆಂದು, ಓದು ಸಾಗದೆಂದು, ಎಳೆಯ ಮಕ್ಕಳನ್ನು ಯೂರೋಪಿಗೆ ಕಳಿಸಿಬಿಡುತ್ತಿದ್ದರು. ಬಾಸೆಲ್ ನಗರದಲ್ಲಿ ಅಂಥ ಮಕ್ಕಳಿಗಾಗಿಯೇ ನಿಲಯವಿತ್ತು. ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದಂಪತಿಗಳ ಮಗಳು ಮರಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಇನ್ನೂ ತೀರ ಚಿಕ್ಕವಳಿರುವಾಗಲೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಹಿಂದಿರುಗಿದರು. ಅವಳು ಮತ್ತೆ ಭಾರತಕ್ಕೆ ಬಂದಾಗ 15 ವರ್ಷದ ಹುಡುಗಿ. ನೊಬೆಲ್ ಪ್ರಶಸ್ತಿ ಪಡೆದ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿ ಈಕೆಯೇ. ತಂದೆತಾಯಿಗಳ ಸೇವೆಯ ಬೆಲೆಯನ್ನು ಮಕ್ಕಳು ತೆತ್ತ ಕಥೆಗಳಲ್ಲಿ ಇದೂ ಒಂದು.

ಧರ್ಮಭಗಿನಿಯರು ಮತ್ತು ಹೆರಿಗೆ ಕೋಣೆ

ನಮ್ಮ ಧರ್ಮಸಭೆಯ ಗುರುಗಳೂ ಧರ್ಮಭಗಿನಿಯರೂ ಅವಿವಾಹಿತರು. ಆದರೂ ಹೆರಿಗೆಯ ಪ್ರಶ್ನೆ ಅವರನ್ನು ಬಿಡಲಿಲ್ಲ. ಪುರುಷ ವೈದ್ಯರು ಮುಟ್ಟಲು ಒಪ್ಪದ ಹೆಂಗಸರು ನೆರವಿಲ್ಲದೆ ಸಾಯುತ್ತಿದ್ದರು. ವೈದ್ಯಕೀಯ ಕಲಿತು ಹೆರಿಗೆ ಮಾಡಿಸಲು ಧರ್ಮಭಗಿನಿಯರಿಗೆ ಸಭೆಯ ನಿಯಮ ಅಡ್ಡಿಯಾಗಿತ್ತು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೋರಿ 1920ರಲ್ಲಿ ನಮ್ಮ ಆಂಧ್ರದ ಗುಂಟೂರಿಗೆ ಬಂದು ಧರ್ಮಭಗಿನಿಯಾದಾಗ, ವೈದ್ಯವೃತ್ತಿ ನಡೆಸಲು ಪೋಪರ ವಿಶೇಷ ಅನುಮತಿ ಬೇಕಾಯಿತು. ರಾವಲ್ಪಿಂಡಿಯಲ್ಲಿ ಇದೇ ಸಂಕಟ ಕಂಡ ವೈದ್ಯೆ ಅನ್ನಾ ಡೆಂಗೆಲ್ ಈ ನಿಯಮ ಬದಲಾಗಬೇಕೆಂದು ವರ್ಷಗಟ್ಟಲೆ ಶ್ರಮಿಸಿದರು. ಕೊನೆಗೆ 1936ರ ಫೆಬ್ರವರಿಯಲ್ಲಿ ರೋಮ್ ಆ ಅನುಮತಿಯನ್ನು ಎಲ್ಲರಿಗೂ ಕೊಟ್ಟಿತು. ಸುರಕ್ಷಿತ ಹೆರಿಗೆಯೂ ಸೇವೆಯೇ ಎಂಬ ಮಾತು ಹೀಗೆ ನಿಯಮವಾಯಿತು.

ಅನಂತಪುರದ ಒಂದು ಕುಟುಂಬ

ನಮ್ಮ ಜಿಲ್ಲೆಯದೇ ಉದಾಹರಣೆ ವಿನ್ಸೆಂಟ್ ಫೆರರ್ ಅವರದು. ಸ್ಪೇನ್ ದೇಶದ ಇವರು ಯೇಸುಸಭೆಯ ಸದಸ್ಯರಾಗಿ 1952ರಲ್ಲಿ ಭಾರತಕ್ಕೆ ಬಂದು, 1969ರಲ್ಲಿ ಅನಂತಪುರದಲ್ಲಿ ನೆಲೆಸಿದರು. 1970ರಲ್ಲಿ ಯೇಸುಸಭೆಯಿಂದ ಹೊರಬಂದು, ಇಂಗ್ಲೆಂಡಿನ ಪತ್ರಕರ್ತೆ ಆನ್ ಪೆರಿ ಅವರನ್ನು ಮದುವೆಯಾದರು. ಈ ದಂಪತಿಗಳಿಗೆ ಮೂವರು ಮಕ್ಕಳು. ಹಿಂದಿನ ಕಾಲದವರಂತೆ ಎಳವೆಯಲ್ಲೇ ದೂರ ಕಳಿಸದೆ ಅವರನ್ನು ಇಲ್ಲಿಯೇ ಬೆಳೆಸಿದರು. ಮಗ ಮಾಂಚೊ ತೆಲುಗು ಆಡುತ್ತ ಬೆಳೆದು, ತಂದೆತಾಯಿ ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಕೆಲಸಕ್ಕೇ ಹೆಗಲು ಕೊಟ್ಟರು. ಆ ಸಂಸ್ಥೆ ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆ ಕಟ್ಟಿದ್ದನ್ನು ನಮ್ಮ ತಾಯಂದಿರು ಬಲ್ಲರು. ಫೆರರ್ 2009ರಲ್ಲಿ ತೀರಿಕೊಂಡರು.

ಕಿಟ್ಟೆಲರ ಕಾಲಕ್ಕೂ ಫೆರರ್ ಕಾಲಕ್ಕೂ ಈ ನೆಲವೇನೂ ಬದಲಾಗಲಿಲ್ಲ. ಬಿಸಿಲು ಅದೇ, ಬರವೂ ಅದೇ. ಬದಲಾದದ್ದು ತಿಳಿವಳಿಕೆ, ಔಷಧಿ ಮತ್ತು ಆಸ್ಪತ್ರೆ. ಬಸುರಿಯನ್ನು ಪರಸ್ಥಳ ಕೊಲ್ಲುವುದಿಲ್ಲ, ತಯಾರಿ ಇಲ್ಲದಿರುವುದು ಕೊಲ್ಲುತ್ತದೆ. ಇದೇ ನಾವು ಕಲಿಯಬೇಕಾದ ಪಾಠ.

ದೂರ ಹೋಗುವ ಕುಟುಂಬಗಳಿಗೆ

1. ಹೊರಡುವ ಮುನ್ನ ರಕ್ತ ಪರೀಕ್ಷೆ ಮಾಡಿಸಿರಿ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಅಪಾಯ. ರಕ್ತ ತುಂಬಿದ ಹೆಂಗಸು ತಡೆದುಕೊಳ್ಳುವಷ್ಟು ರಕ್ತಸ್ರಾವವೇ ರಕ್ತಹೀನ ಬಾಣಂತಿಯ ಪ್ರಾಣ ತೆಗೆಯಬಹುದು. ರಕ್ತದ ಗುಂಪು ತಿಳಿದು ಬರೆದಿಟ್ಟುಕೊಳ್ಳಿರಿ. ತಾಯಿಯದು ನೆಗೆಟಿವ್ ಗುಂಪಾದರೆ ಮೊದಲೇ ವೈದ್ಯರಿಗೆ ತಿಳಿಸಿರಿ.

2. ಮಗು ಬೇಕೆಂದು ಯೋಚಿಸಿದ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಬೇಕು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಬಸಿರಾದ ಮೊದಲ ನಾಲ್ಕು ವಾರಗಳಲ್ಲಿ, ಅನೇಕರಿಗೆ ಬಸಿರೆಂದು ತಿಳಿಯುವ ಮೊದಲೇ. ನಾಲ್ಕನೆಯ ತಿಂಗಳಿನಿಂದ ಕಬ್ಬಿಣದ ಮಾತ್ರೆ ಕನಿಷ್ಠ 180 ನುಂಗಬೇಕು. ಮಲ ಕಪ್ಪಾಯಿತೆಂದು ಬಿಡಬೇಡಿರಿ. ಮಾತ್ರೆಯ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ನಿಂಬೆರಸ ಒಳ್ಳೆಯದು.

3. ಆಫ್ರಿಕದ ಹಲವು ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಚುಚ್ಚುಮದ್ದು ಕಡ್ಡಾಯ. ದಡಾರದ ಚುಚ್ಚುಮದ್ದಿನಂತೆ ಇದೂ ಜೀವಂತ ಲಸಿಕೆ. ಆದ್ದರಿಂದ ಬಸಿರಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಹಾಕಿಸಿಕೊಳ್ಳಬೇಕು. ಮಲೇರಿಯಾ ಇರುವ ಕಡೆಗೆ ಬಸುರಿ ಹೋಗದಿರುವುದೇ ಮೇಲು. ಹೋಗಲೇಬೇಕಾದರೆ ಔಷಧಿ ಲೇಪಿಸಿದ ಸೊಳ್ಳೆಪರದೆ ಬೇಕು, ಜ್ವರ ಬಂದ ದಿನವೇ ರಕ್ತ ಪರೀಕ್ಷೆಯಾಗಬೇಕು. ಅಂಗಡಿಯ ಮಾತ್ರೆ ಬೇಡ, ಮಲೇರಿಯಾದ ಕೆಲವು ಔಷಧಿಗಳು ಬಸುರಿಯರಿಗೆ ಆಗುವುದಿಲ್ಲ.

4. ಮೂರು ತಿಂಗಳು ತುಂಬುವ ಮೊದಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡು ಪಡೆಯಿರಿ. ಬೆಂಗಳೂರಿಗೆ ಹೋದರೂ ಆ ಕಾರ್ಡು ಜೊತೆಯಲ್ಲಿರಲಿ. ಅದರಲ್ಲಿ ಬರೆದದ್ದನ್ನು ನೋಡಿಯೇ ಅಲ್ಲಿನ ವೈದ್ಯರು ಮುಂದುವರಿಸುತ್ತಾರೆ. ಕನಿಷ್ಠ ನಾಲ್ಕು ತಪಾಸಣೆ ಆಗಲೇಬೇಕು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ನಡೆಯುತ್ತಿದೆ. 2011ರ ಯೋಜನೆಯಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆಯಾದರೂ, ಉಚಿತ.

5. ವಿಮಾನದ ಪ್ರಯಾಣವಿದ್ದರೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. 28 ವಾರ ಕಳೆದ ಮೇಲೆ ಸಾಮಾನ್ಯವಾಗಿ ವೈದ್ಯರ ಪತ್ರ ಕೇಳುತ್ತಾರೆ, 36 ವಾರದ ನಂತರ ಹತ್ತಿಸಿಕೊಳ್ಳುವುದಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಗಾಗ ಎದ್ದು ನಡೆದಾಡಬೇಕು.

ಹೊಲದಿಂದ ಮಡಿಲಿಗೆ

ದೂರ ಹೋಗುವವರು ಊರಿನ ರಾಗಿ, ಶೇಂಗಾ ಕಟ್ಟಿಕೊಂಡು ಹೋಗುವುದು ಒಳ್ಳೆಯ ಪದ್ಧತಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. 100 ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಆದರೆ ಬೂಷ್ಟು ಹಿಡಿದ, ಮುದುಡಿದ, ಬಣ್ಣಗೆಟ್ಟ ಬೀಜ ಬೇಡ. ಆ ಬೂಷ್ಟಿನ ವಿಷ ಈರಲಿಗೆ ಕೆಡುಕು, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಾಯಿ ಕಿತ್ತ ಮೇಲೆ ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದಂತೆ ಚೀಲ ಇಡಬೇಕು. ಬಸುರಿಯರು ಕೀಟನಾಶಕ ಸಿಂಪಡಿಸುವುದಾಗಲಿ, ಸಿಂಪಡಿಸಿದವರ ಬಟ್ಟೆ ಒಗೆಯುವುದಾಗಲಿ ಕೂಡದು.

ನೀರಿನ ವಿಷಯದಲ್ಲೂ ಎಚ್ಚರಿಕೆ ಬೇಕು. ನಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ತಕ್ಕದ್ದಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ.

ಹೆರಿಗೆಯ ನಂತರ

ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಮುಟ್ಟು ಮರಳದೆ, ಹಗಲಿರುಳು ಎದೆಹಾಲನ್ನಷ್ಟೇ ಕೊಡುತ್ತಿದ್ದರೆ, ಆ ಆರು ತಿಂಗಳು ಬಸಿರಾಗುವ ಸಂಭವ ಬಹಳ ಕಡಿಮೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಎರಡು ವರ್ಷವಾದರೂ ಬಿಡುವು ಇರಲಿ. ಬೆಳೆ ತೆಗೆದ ಹೊಲಕ್ಕೆ ಗೊಬ್ಬರ ಹಾಕದೆ ಮತ್ತೆ ಬಿತ್ತುವ ರೈತನಿಲ್ಲ. ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಿರಿ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಾದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು.

ಅಪಾಯದ ಗುರುತುಗಳನ್ನು ಗಂಡನೂ ಅತ್ತೆಯೂ ಬಾಯಿಪಾಠ ಮಾಡಿಕೊಳ್ಳಲಿ: ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದಿಕೊಳ್ಳುವುದು, ಫಿಟ್ಸು, ಜ್ವರ, ನೀರು ಒಡೆಯುವುದು, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿರಿ. ಆಂಧ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ 108ಕ್ಕೆ ಕರೆ ಮಾಡಿರಿ. ಹೆರಿಗೆಯ ನಂತರದ ಜೋರು ರಕ್ತಸ್ರಾವ ಎರಡು ಗಂಟೆಯೊಳಗೆ ಪ್ರಾಣ ತೆಗೆಯಬಲ್ಲದು.

ಹೊರಡುವ ಮುನ್ನ ಗಂಡಹೆಂಡಿರು ಕುಳಿತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ. ಹೆರಿಗೆ ಎಲ್ಲಿ? ಅಲ್ಲಿಗೆ ಎಷ್ಟು ಹೊತ್ತಿನ ದಾರಿ? ಬೇಕಾದರೆ ರಕ್ತ ಕೊಡುವವರು ಯಾರು? ಬಾಣಂತಿಯ ಜೊತೆ ನಲವತ್ತು ದಿನ ಇರುವವರು ಯಾರು? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಧೈರ್ಯವಾಗಿ ಹೋಗಬಹುದು. ಒಂದಕ್ಕೆ ಸಿಗದಿದ್ದರೂ ಎಂಟನೆಯ ತಿಂಗಳಿಗೆ ಮೊದಲೇ ಆಕೆಯನ್ನು ತವರಿಗೆ ಕರೆತನ್ನಿರಿ. ಕೆಲಸ ಮುಂದಿನ ವರ್ಷವೂ ಸಿಕ್ಕೀತು, ಹೋದ ತಾಯಿ ಮಾತ್ರ ತಿರುಗಿ ಸಿಕ್ಕಳು.