ಬಲಕ್ಕೆ ಬಾಗುವ ಚೆಂಡು: ಗಾಲ್ಫ್ ಸ್ವಿಂಗ್ ತಿದ್ದಲು ಪಾಠ ಬೇಕೆ?

ಗಾಲ್ಫ್ ಕಲಿಯುವವರನ್ನು ಹೆಚ್ಚು ಕಾಡುವ ದೋಷ ಸ್ಲೈಸ್. ಬಲಗೈ ಆಟಗಾರ ನೇರಕ್ಕೆಂದು ಹೊಡೆದ ಚೆಂಡು ಸ್ವಲ್ಪ ದೂರ ಸರಿಯಾಗಿಯೇ ಸಾಗಿ, ಆಮೇಲೆ ಬಲಕ್ಕೆ ವಾಲುತ್ತ ಹೋಗಿ ಅಂಗಳದಾಚೆಯ ಮರಗಳಲ್ಲಿ ಮಾಯವಾಗುತ್ತದೆ. ದಿಕ್ಕು ಕೆಡುವುದರ ಜೊತೆಗೆ ದೂರವೂ ಕಡಿಮೆಯಾಗುತ್ತದೆ. ಇದನ್ನು ಅಭ್ಯಾಸದಿಂದ ತಾನೇ ಸರಿಪಡಿಸಿಕೊಳ್ಳಬಹುದೆ, ದುಡ್ಡು ಕೊಟ್ಟು ಕೋಚ್ ಹತ್ತಿರ ಪಾಠಕ್ಕೆ ಹೋಗಬೇಕೆ ಎಂಬುದು ಮೇಲುನೋಟಕ್ಕೆ ಜೇಬಿನ ಪ್ರಶ್ನೆ. ಆದರೆ ಅದರ ಉತ್ತರವನ್ನು ಚೆಂಡಿನ ಭೌತವಿಜ್ಞಾನದಲ್ಲಿ ಮತ್ತು ಮಿದುಳು ಒಂದು ಚಲನೆಯನ್ನು ಕಲಿಯುವ, ಮರೆಯುವ ಬಗೆಯಲ್ಲಿ ಹುಡುಕಬೇಕು.

ಕರ್ನಾಟಕಕ್ಕೆ ಈ ಆಟ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಯ ಬ್ರಿಟಿಷ್ ಅಧಿಕಾರಿಗಳೂ ತಮಗೊಂದು ಅಂಗಳ ಮಾಡಿಕೊಂಡಿದ್ದರು. ಮೈಸೂರಿನಿಂದ ಪ್ರಣವಿ ಅರಸ್, ಬೆಂಗಳೂರಿನಿಂದ ಅದಿತಿ ಅಶೋಕ್, ಬಿಡದಿಯ ಕಡೆಯಿಂದ ಎಸ್. ಚಿಕ್ಕರಂಗಪ್ಪ ಬಂದಿದ್ದಾರೆ. ಆದರೆ ಅಂಗಳಗಳೂ ತರಬೇತುದಾರರೂ ಬಹುಪಾಲು ರಾಜ್ಯದ ದಕ್ಷಿಣದಲ್ಲೇ ಉಳಿದಿದ್ದಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಬ್ಬಿನ ಊರುಗಳಲ್ಲಿ ಗಾಲ್ಫ್ ಎಂದರೆ ಟೀವಿಯಲ್ಲಿ ಕಾಣುವ ಆಟ. ಕಲ್ಲೋಳಿಯಂಥ ಊರಿನವರ ಕೈಗೆ ಗಾಲ್ಫ್ ಕ್ಲಬ್, ಎಂದರೆ ಆಟದ ಕೋಲು, ಬರುವುದು ಸಾಮಾನ್ಯವಾಗಿ ನೌಕರಿಗೆಂದು ಬೆಂಗಳೂರು, ಪುಣೆ ಸೇರಿದ ಮೇಲೆಯೇ. ಅಷ್ಟರಲ್ಲಿ ಅವರ ಕೈಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಹತ್ತಾರು ವರ್ಷ ಕುಳಿತುಬಿಟ್ಟಿರುತ್ತದೆ. ಸ್ಲೈಸಿನ ಕತೆಯಲ್ಲಿ ಇದಕ್ಕೂ ಪಾತ್ರವಿದೆ.

ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ. ಹವ್ಯಾಸಿ ಆಟಗಾರನೊಬ್ಬ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಬೀಸಿದಾಗ ಕ್ಲಬ್ಬಿನ ತಲೆಯ ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್. ಚೆಂಡೂ ಕ್ಲಬ್ಬೂ ಒಂದನ್ನೊಂದು ಮುಟ್ಟಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಚೆಂಡು ಎತ್ತ ಹೊರಡಬೇಕು, ಎತ್ತ ಬಾಗಬೇಕು ಎಂಬುದೆಲ್ಲ ಆ ಕ್ಷಣದಲ್ಲೇ ತೀರ್ಮಾನವಾಗುತ್ತದೆ. ಅದನ್ನು ಮುಖ್ಯವಾಗಿ ನಿರ್ಧರಿಸುವವು ಎರಡು ಕೋನಗಳು: ಕ್ಲಬ್ಬಿನ ಮುಖ ನೋಡುತ್ತಿರುವ ದಿಕ್ಕು ಮತ್ತು ಕ್ಲಬ್ಬಿನ ತಲೆ ಸಾಗುತ್ತಿರುವ ದಾರಿ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ಮುಖ ಹೇಳುತ್ತದೆ. ಡ್ರೈವರಿನಲ್ಲಿ ಅದರ ಪಾಲು ಶೇಕಡ 80ಕ್ಕೂ ಮೇಲೆ. ಬಾಗುವಿಕೆಯನ್ನು ಹೇಳುವುದು ಮುಖಕ್ಕೂ ದಾರಿಗೂ ನಡುವಿನ ವ್ಯತ್ಯಾಸ. ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡಿನ ತಿರುಗುವ ಅಕ್ಷವೇ ಬಲಕ್ಕೆ ವಾಲುತ್ತದೆ. ಆಗ ಮ್ಯಾಗ್ನಸ್ ಪರಿಣಾಮದಿಂದ, ಎಂದರೆ ತಿರುಗುವ ಚೆಂಡನ್ನು ಗಾಳಿ ಒಂದು ಬದಿಗೆ ತಳ್ಳುವುದರಿಂದ, ಅದು ಬಲಕ್ಕೆ ಬಾಗುತ್ತದೆ.

ಈ ವಿವರಣೆಗೆ ಗಟ್ಟಿ ರೂಪ ಕೊಟ್ಟವರು ನೆಬ್ರಾಸ್ಕ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಥಿಯೊಡೋರ್ ಯೋರ್ಗೆನ್ಸನ್. ಗಾಲ್ಫಿನ ಭೌತವಿಜ್ಞಾನ ಕುರಿತ ಅವರ ಪುಸ್ತಕ 1994ರಲ್ಲಿ ಬಂತು. ಆದರೂ ಅನೇಕ ಪಾಠದ ಮನೆಗಳಲ್ಲಿ ಬಹುಕಾಲ ಇದಕ್ಕೆ ತದ್ವಿರುದ್ಧವಾದದ್ದನ್ನೇ ಹೇಳಿಕೊಡಲಾಗುತ್ತಿತ್ತು: ಚೆಂಡು ಕ್ಲಬ್ಬಿನ ದಾರಿಯಲ್ಲಿ ಹೊರಟು, ಮುಖದ ದಿಕ್ಕಿಗೆ ಬಾಗುತ್ತದೆ ಎಂದು. ಚೆಂಡನ್ನು ಬೆನ್ನಟ್ಟಿ ಅಳೆಯುವ ರಾಡಾರ್ ಯಂತ್ರಗಳು ಬಂದ ಮೇಲಷ್ಟೇ ಆ ನಂಬಿಕೆ ಸಡಿಲವಾಯಿತು. ಕೋಚ್ ಹೇಳಿದ್ದೆಲ್ಲ ಸರಿಯೇ ಇರುತ್ತದೆ ಎಂದು ಕಣ್ಣು ಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸ್ಲೈಸ್ ಇರುವವರು ತಮ್ಮಷ್ಟಕ್ಕೆ ತಾವೇ ತಿದ್ದಿಕೊಳ್ಳಲು ಹೊರಟಾಗ ಸಿಕ್ಕಿಬೀಳುವ ಬಲೆಯೂ ಈ ಲೆಕ್ಕದಲ್ಲೇ ಇದೆ. ಕ್ಲಬ್ಬಿನ ಮುಖ ಗುರಿಯಿಂದ 2 ಡಿಗ್ರಿ ಬಲಕ್ಕೆ, ದಾರಿ 4 ಡಿಗ್ರಿ ಎಡಕ್ಕೆ ಇದೆ ಎಂದುಕೊಳ್ಳೋಣ. ನಡುವಿನ ವ್ಯತ್ಯಾಸ 6 ಡಿಗ್ರಿ. ಚೆಂಡು ಬಲಕ್ಕೆ ಹೋಗುವುದನ್ನು ಕಂಡ ಆಟಗಾರ ಸಹಜವಾಗಿ ಎಡಕ್ಕೆ ಹೊಡೆಯಲು ನೋಡುತ್ತಾನೆ, ಕ್ಲಬ್ಬನ್ನು ಇನ್ನಷ್ಟು ಎಡಕ್ಕೆ ಎಳೆಯುತ್ತಾನೆ. ದಾರಿ 8 ಡಿಗ್ರಿ ಎಡಕ್ಕಾಯಿತು. ಮುಖ ಹಾಗೇ ಉಳಿದರೆ ವ್ಯತ್ಯಾಸ 10 ಡಿಗ್ರಿ. ಚೆಂಡು ಮೊದಲಿಗಿಂತ ಹೆಚ್ಚು ಬಾಗುತ್ತದೆ, ಅವನು ಮತ್ತಷ್ಟು ಎಡಕ್ಕೆ ಎಳೆಯುತ್ತಾನೆ. ಕಣ್ಣಿಗೆ ಕಂಡ ಫಲವನ್ನು ನಂಬಿ ಮಾಡಿದ ತಿದ್ದುಪಡಿಯೇ ರೋಗವನ್ನು ಬೆಳೆಸುತ್ತದೆ. ಅವನ ಶ್ರದ್ಧೆಗೆ ಕೊರತೆಯಿಲ್ಲ. ಕೊರತೆ ಇರುವುದು ಮಾಹಿತಿಗೆ.

ಕ್ರಿಕೆಟ್ ಆಡಿ ಬಂದವರಿಗೆ ಇನ್ನೊಂದು ತೊಡಕುಂಟು. ನೇರ ಬ್ಯಾಟಿನಲ್ಲಿ ಆಡುವಾಗ ಬ್ಯಾಟಿನ ಮುಖವನ್ನು ತಿರುವದೆ ಚೆಂಡಿಗೆ ಒಡ್ಡಬೇಕು, ಮೇಲಿನ ಕೈ ಮುಂದಾಳಾಗಿರಬೇಕು. ಗಾಲ್ಫಿನಲ್ಲಿ ಕ್ಲಬ್ ದೇಹದ ಸುತ್ತ ಓರೆಯಾದ ವೃತ್ತದಲ್ಲಿ ಬರುವುದರಿಂದ, ಹಿಂದಕ್ಕೆ ಹೋಗುವಾಗ ತೆರೆದ ಮುಖವನ್ನು ಮುಂಗೈಗಳು ಹೊರಳಿ ಮತ್ತೆ ಮುಚ್ಚಬೇಕು. ಕ್ರಿಕೆಟಿನ ಸದ್ಗುಣವೇ ಇಲ್ಲಿ ಮುಖವನ್ನು ತೆರೆದಿಡುತ್ತದೆ. ಹಳೆಯ ಕಲಿಕೆ ಹೊಸ ಕಲಿಕೆಗೆ ಅಡ್ಡ ಬರುವ ಇಂಥ ಸಂಗತಿಯನ್ನು ಮನೋವಿಜ್ಞಾನಿಗಳು ಋಣಾತ್ಮಕ ವರ್ಗಾವಣೆ ಎನ್ನುತ್ತಾರೆ.

ಕ್ಲಬ್ ಮೇಲಿಂದ ಕೆಳಗೆ ಬರಲು ಹಿಡಿಯುವ ಕಾಲ ಸುಮಾರು ಕಾಲು ಸೆಕೆಂಡು. ಕಣ್ಣಿಗೆ ಬಿದ್ದದ್ದನ್ನು ಮಿದುಳು ಗ್ರಹಿಸಿ ಸ್ನಾಯುಗಳಿಗೆ ಆಜ್ಞೆ ಕೊಡಲು ಬೇಕಾಗುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸ್ವಿಂಗ್ ಕೆಳಗಿಳಿಯುತ್ತಿರುವಾಗ ತಪ್ಪನ್ನು ಗುರುತಿಸಿ ತಿದ್ದುವುದು ಆಗದ ಮಾತು. ಮಿದುಳು ಇಡೀ ಚಲನೆಯನ್ನು ಮೊದಲೇ ಕಟ್ಟಿಟ್ಟುಕೊಂಡು ಒಮ್ಮೆಗೇ ಬಿಡುಗಡೆ ಮಾಡುತ್ತದೆ. ಇನ್ನು ಕೈಕಾಲು ಎಲ್ಲಿದೆ ಎಂದು ತಿಳಿಸುವ ಒಳ ಇಂದ್ರಿಯವಾದರೂ ನಂಬಿಕಸ್ಥವೆ? ಸಾವಿರಾರು ಸಲ ಮಾಡಿದ ತಪ್ಪು ಚಲನೆ ದೇಹಕ್ಕೆ ಸಹಜವಾಗಿಯೇ ತೋರುತ್ತದೆ, ಸರಿಯಾದದ್ದು ಸೊಟ್ಟಗೆ ತೋರುತ್ತದೆ. ಕೈಯನ್ನು ಒಂದು ಗೇಣು ಬದಲಿಸಿದೆ ಎಂದುಕೊಂಡವನ ವಿಡಿಯೊದಲ್ಲಿ ಬದಲಾವಣೆ ಒಂದು ಬೆರಳಿನಷ್ಟೂ ಇರುವುದಿಲ್ಲ. ಗೋಕಾಕ ಸೀಮೆಯ ಗರಡಿಗಳಲ್ಲಿ ಪೈಲ್ವಾನರು ಪಟ್ಟು ಹಾಕುವಾಗ ವಸ್ತಾದ ಹೊರಗೆ ನಿಂತು ನೋಡುವುದೂ ಇದೇ ಕಾರಣಕ್ಕೆ: ಕಾಲು ಎಲ್ಲಿ ತಪ್ಪಿತೆಂಬುದು ಮಣ್ಣಿನಲ್ಲಿ ಇರುವವನಿಗೆ ತಿಳಿಯುವುದಿಲ್ಲ.

ಹಾಗಾದರೆ ಪಾಠದಿಂದ ನಿಜವಾಗಿ ಪ್ರಯೋಜನವಾಗುತ್ತದೆಯೆ? ಇದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಅಮೆರಿಕದ ಮಾರ್ಕ್ ಗ್ವಾಡನ್ಯೋಲಿ ಮತ್ತು ಸಂಗಡಿಗರು 30 ಗಾಲ್ಫ್ ಆಟಗಾರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿಡಿಯೊ ತೋರಿಸುತ್ತ ಪಾಠ, ಇನ್ನೊಂದಕ್ಕೆ ಬಾಯಿಮಾತಿನ ಪಾಠ, ಮೂರನೆಯದಕ್ಕೆ ಕೋಚ್ ಇಲ್ಲದೆ ಸ್ವಂತ ಅಭ್ಯಾಸ. ಎಲ್ಲರಿಗೂ 90 ನಿಮಿಷಗಳ ನಾಲ್ಕು ಅವಧಿ. ಮುಗಿದ ಕೂಡಲೇ ಪರೀಕ್ಷಿಸಿದಾಗ ಪಾಠ ಹೇಳಿಸಿಕೊಂಡ ಎರಡೂ ಗುಂಪುಗಳು ಸ್ವಂತ ಅಭ್ಯಾಸದವರಿಗಿಂತ ಕೆಟ್ಟದಾಗಿ ಆಡಿದವು. ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಚಿತ್ರ ತಿರುವುಮುರುವಾಗಿತ್ತು. ಪಾಠದ ಗುಂಪುಗಳು ಮುಂದೆ, ಅದರಲ್ಲೂ ವಿಡಿಯೊ ಗುಂಪು ಎಲ್ಲರಿಗಿಂತ ಮುಂದೆ. ಗುಂಪುಗಳು ಚಿಕ್ಕವು, ಒಂದು ಪ್ರಯೋಗದಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ನಿಜ. ಆದರೆ ಪಾಠಕ್ಕೆ ಹೋದವರಲ್ಲಿ ಎಷ್ಟೋ ಮಂದಿ ಮೊದಲ ವಾರವೇ "ಇದ್ದದ್ದೂ ಹೋಯಿತು" ಎಂದು ಬಿಟ್ಟುಬರುವುದೇಕೆ ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ.

ಇಳಿದು ಏರುವ ಈ ಕಣಿವೆ ದೊಡ್ಡ ಆಟಗಾರರನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನ ನಿಕ್ ಫಾಲ್ಡೊ 1980ರ ದಶಕದ ನಡುವೆ ಕೋಚ್ ಡೇವಿಡ್ ಲೆಡ್‌ಬೆಟರ್ ಬಳಿ ಸ್ವಿಂಗನ್ನು ಬುಡದಿಂದ ಬದಲಿಸಿಕೊಳ್ಳಲು ಹೊರಟು, ಸುಮಾರು ಎರಡು ವರ್ಷ ಹಿಂದೆ ಬಿದ್ದು, 1987ರಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಟೈಗರ್ ವುಡ್ಸ್ 1997ರ ಮಾಸ್ಟರ್ಸ್ ಪಂದ್ಯಾವಳಿಯನ್ನು 12 ಹೊಡೆತಗಳ ಅಂತರದಿಂದ ಗೆದ್ದ ಮೇಲೂ ಕೋಚ್ ಬುಚ್ ಹಾರ್ಮನ್ ಜೊತೆ ಸ್ವಿಂಗ್ ಬದಲಿಸಿದರು. 1998ರಲ್ಲಿ ಅಮೆರಿಕದ ವೃತ್ತಿಪರ ಪಂದ್ಯಾವಳಿಗಳ ಸರಣಿಯಾದ ಪಿಜಿಎ ಟೂರಿನಲ್ಲಿ ಗೆದ್ದದ್ದು ಒಂದೇ ಪಂದ್ಯ. 1999ರಲ್ಲಿ ಎಂಟು, 2000ದಲ್ಲಿ ಒಂಬತ್ತು. ಹಳೆಯ ಚಲನೆಯ ನೆನಪು ಅಳಿಸಿಹೋಗುವುದಿಲ್ಲ, ಹೊಸದು ಅದರ ಮೇಲೆ ಕೂರುತ್ತದೆ ಅಷ್ಟೆ. ಆದ್ದರಿಂದಲೇ ಒತ್ತಡ ಬಿದ್ದಾಗ ಹಳೆಯದು ತಲೆಯೆತ್ತುತ್ತದೆ. ಪಂದ್ಯಾವಳಿ ಹತ್ತಿರ ಇರುವಾಗ ಸ್ವಿಂಗ್ ಬದಲಿಸಲು ಹೋಗುವುದು ಅವಿವೇಕ ಎನಿಸುವುದು ಇದಕ್ಕೇ.

ನೋಡಲು ವಿಚಿತ್ರವಾದುದೆಲ್ಲ ದೋಷವೂ ಅಲ್ಲ. ಜಿಮ್ ಫ್ಯೂರಿಕ್ ಕ್ಲಬ್ಬನ್ನು ನೆಟ್ಟಗೆ ಮೇಲೆತ್ತಿ, ಗಾಳಿಯಲ್ಲೊಂದು ಸುತ್ತು ಹಾಕಿಸಿ ಕೆಳಗೆ ತರುತ್ತಾರೆ. ಯಾವ ಪಠ್ಯಪುಸ್ತಕವೂ ಒಪ್ಪದ ಈ ಸ್ವಿಂಗಿನಿಂದಲೇ ಅವರು 2003ರ ಯುಎಸ್ ಓಪನ್ ಗೆದ್ದರು, 2016ರಲ್ಲಿ ಪಿಜಿಎ ಟೂರಿನ ಪಂದ್ಯವೊಂದರಲ್ಲಿ 58 ಹೊಡೆತಗಳ ಸುತ್ತು ಆಡಿ ದಾಖಲೆ ಮಾಡಿದರು. ಚೆಂಡು ಮುಟ್ಟುವ ಗಳಿಗೆಯಲ್ಲಿ ಮುಖ, ದಾರಿ ಎರಡೂ ಪ್ರತಿಸಲ ಸರಿಯಿದ್ದರೆ ಉಳಿದದ್ದು ಶೈಲಿ. ಬಬ್ಬಾ ವಾಟ್ಸನ್ ವಿಧಿವತ್ತಾದ ಪಾಠವೇ ಇಲ್ಲದೆ 2012 ಮತ್ತು 2014ರ ಮಾಸ್ಟರ್ಸ್ ಗೆದ್ದವರು. ಇವರಿಬ್ಬರ ಹೆಸರು ಹೇಳಿ ಪಾಠವೇ ಬೇಡ ಎನ್ನುವವರು ಒಂದನ್ನು ಮರೆಯುತ್ತಾರೆ: ಫ್ಯೂರಿಕ್‌ಗೆ ಅವರ ತಂದೆಯೇ ಕೋಚ್ ಆಗಿದ್ದರು. ಕರ್ನಾಟಕದ ಚಿಕ್ಕರಂಗಪ್ಪ ಬಿಡದಿ ಬಳಿಯ ಈಗಲ್ಟನ್ ಅಂಗಳದಲ್ಲಿ ಆಟ ಕಂಡು ಬೆಳೆದವರು. ಅವರನ್ನೂ ತಿದ್ದಿ ತೀಡಿದ್ದು ಭಾರತದ ವೃತ್ತಿಪರ ಆಟಗಾರ ಅನಿರ್ಬನ್ ಲಾಹಿರಿಯ ಕೋಚ್ ವಿಜಯ್ ದಿವೇಚಾ.

ಪಾಠಕ್ಕೆ ಹಣ ಕಟ್ಟುವ ಮೊದಲು ಕೆಲವನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಕ್ಲಬ್ಬಿನ ಮುಖಕ್ಕೆ ಸೀಮೆಸುಣ್ಣದ ಪುಡಿಯೋ ಪಾದಕ್ಕೆ ಸಿಂಪಡಿಸುವ ಪೌಡರೋ ಬಳಿದು ಹತ್ತು ಚೆಂಡು ಹೊಡೆದರೆ, ಚೆಂಡು ಎಲ್ಲಿ ತಗುಲುತ್ತಿದೆ ಎಂಬ ಗುರುತು ಬೀಳುತ್ತದೆ. ಡ್ರೈವರಿನ ಹಿಮ್ಮಡಿಯ ಕಡೆ, ಎಂದರೆ ಕೋಲಿಗೆ ಹತ್ತಿರದ ಬದಿಯಲ್ಲಿ, ತಗುಲಿದ ಚೆಂಡು, ಮುಖ ಮತ್ತು ದಾರಿ ಸರಿಯಿದ್ದರೂ ಬಲಕ್ಕೆ ಬಾಗುತ್ತದೆ. ಅಂಥವರು ಸ್ವಿಂಗ್ ಬದಲಿಸುವುದಕ್ಕಿಂತ ಮೊದಲು ಚೆಂಡಿನಿಂದ ನಿಲ್ಲುವ ದೂರ ನೋಡಿಕೊಳ್ಳುವುದು ಲೇಸು. ಗುರುತು ನಡುವೆ ಇದ್ದೂ ಪ್ರತಿಸಲ ಬಲಕ್ಕೇ ಬಾಗುತ್ತಿದ್ದರೆ ದೋಷ ಸ್ಥಿರವಾಗಿದೆ ಎಂದರ್ಥ. ಪಾಠಕ್ಕೆ ಬೇಗ ಬಗ್ಗುವುದು ಇದೇ ಬಗೆಯದು. ಒಮ್ಮೆ ಬಲ, ಒಮ್ಮೆ ಎಡ ಹೋಗುವ ಹೊಸಬನಿಗೆ ಯಾವ ದೋಷವೂ ಇನ್ನೂ ನೆಲೆಯೂರಿರುವುದಿಲ್ಲ. ಅವನಿಗೆ ಬೇಕಾದದ್ದು ದುರಸ್ತಿಯಲ್ಲ, ಹಿಡಿತ ಮತ್ತು ನಿಲುವಿನ ಮೊದಲ ಪಾಠ. ಸೊಂಟ, ಮೊಣಕೈ ನೋಯುತ್ತಿದ್ದರೆ ಮಾತ್ರ ಈ ತರ್ಕಗಳೆಲ್ಲ ಬದಿಗೆ. ಗಾಲ್ಫಿನಲ್ಲಿ ಕೆಳಬೆನ್ನಿನ ನೋವು ತೀರ ಸಾಮಾನ್ಯ, ನೋವಿನೊಂದಿಗೆ ತಪ್ಪನ್ನೇ ಅಭ್ಯಾಸ ಮಾಡುವುದು ಸಲ್ಲದು.

ಹೊಡೆತಗಳು ಎಲ್ಲಿ ಪೋಲಾಗುತ್ತಿವೆ ಎಂಬ ಲೆಕ್ಕವನ್ನೂ ನೋಡಬೇಕು. ಕೊಲಂಬಿಯ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳನ್ನು ವಿಶ್ಲೇಷಿಸಿ, ಆಟಗಾರರ ನಡುವಿನ ಸ್ಕೋರು ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಪಾಲು ನೂರು ಗಜಕ್ಕಿಂತ ದೂರದ ಹೊಡೆತಗಳಿಂದ ಬರುತ್ತದೆ ಎಂದು ತೋರಿಸಿದರು. ಸ್ಲೈಸ್ ತಿದ್ದುವುದರಿಂದ ಲಾಭ ದೊಡ್ಡದು ಎಂಬ ಮಾತಿಗೆ ಇದು ಬಲ ಕೊಡುತ್ತದೆ. ಹಾಗೆಂದು ಉಳಿದ ಪಾಲು ಕಡೆಗಣಿಸುವಂಥದೂ ಅಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತೀರ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಅದಿತಿ ಅಶೋಕ್, ಪಟಿಂಗ್, ಎಂದರೆ ಚೆಂಡನ್ನು ಕುಳಿಗೆ ಉರುಳಿಸುವ ಮೆಲು ಹೊಡೆತದ, ಬಲದಿಂದ ನಾಲ್ಕನೆಯ ಸ್ಥಾನಕ್ಕೆ ಏರಿದರು.

ಕೋಚ್ ಆಯ್ಕೆಗೆ ಬಿರುದಿಗಿಂತ ಪಾಠದ ರೀತಿ ಮುಖ್ಯ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಹೊಸ ಗಾಲ್ಫ್ ಕಲಿಗರ ಮೇಲೆ ಮಾಡಿದ ಪ್ರಯೋಗದಲ್ಲಿ, ತೋಳಿನ ಚಲನೆಯ ಮೇಲೆ ಗಮನವಿಟ್ಟವರಿಗಿಂತ ಕ್ಲಬ್ಬಿನ ಚಲನೆಯ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಪ್ರತಿ ಪ್ರಯತ್ನಕ್ಕೂ ಫಲಿತಾಂಶ ಹೇಳಿಸಿಕೊಂಡವರಿಗಿಂತ ಅರ್ಧದಷ್ಟಕ್ಕೆ ಮಾತ್ರ ಹೇಳಿಸಿಕೊಂಡವರಲ್ಲಿ ಕಲಿಕೆ ಹೆಚ್ಚು ಉಳಿಯುತ್ತದೆ ಎಂದು ವಿನ್‌ಸ್ಟೀನ್ ಮತ್ತು ಶ್ಮಿಟ್ 1990ರಲ್ಲಿ ತೋರಿಸಿದ್ದರು. ಸಂಶೋಧಕ ರಿಚ್ ಮಾಸ್ಟರ್ಸ್ 1992ರಲ್ಲಿ ಕಂಡಂತೆ, ಪಟಿಂಗನ್ನು ನಿಯಮಗಳ ಪಟ್ಟಿಯಾಗಿ ಕಲಿತವರೇ ಒತ್ತಡದಲ್ಲಿ ಎಡವಿದರು. ಚೆಂಡಿಗೊಂದು ಸಲಹೆ ಕೊಡುತ್ತ, ಒಂದೇ ಗಂಟೆಯಲ್ಲಿ ಭುಜ, ಮೊಣಕೈ, ಮಂಡಿ, ತಲೆ ಎಲ್ಲವನ್ನೂ ತಿದ್ದಲು ಹೊರಡುವ ಕೋಚ್‌ಗಿಂತ, ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಒಂದು ಕಾರಣ ಹೇಳಿ ಒಂದು ಅಭ್ಯಾಸ ಕೊಡುವವರು ಮೇಲು. ಒಂದೇ ಪಾಠಕ್ಕಿಂತ ಎರಡು ಮೂರು ವಾರಗಳ ಅಂತರದಲ್ಲಿ ಮೂರು ನಾಲ್ಕು ಪಾಠ ಹಂಚಿಕೊಂಡು, ನಡುವೆ ಅಭ್ಯಾಸ ಮಾಡುವುದು ಫಲಕಾರಿ. ನಡುವಿನ ಅಭ್ಯಾಸಕ್ಕೆ ಬಿಡುವಿಲ್ಲದವರು ಪಾಠದ ಹಣ ಉಳಿಸಿಕೊಳ್ಳಬಹುದು.

ಕೋಚ್ ಇರುವ ಊರಿನಿಂದ ದೂರ ಇರುವವರು ಈಗ ಫೋನಿನ ಮೊರೆ ಹೋಗುತ್ತಾರೆ. ಒಮ್ಮೆ ಎದುರಿಗೆ ಹೋಗಿ ತೋರಿಸಿ, ಆಮೇಲೆ ಊರಿನಿಂದ ವಿಡಿಯೊ ಕಳಿಸುವ ಪದ್ಧತಿ ಕೆಲಸ ಮಾಡುತ್ತದೆ. ಆದರೆ ಫೋನಿಗೂ ಮಿತಿಯಿದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ವಿಡಿಯೊದಲ್ಲೂ ಒಂದು ಚಿತ್ರದಿಂದ ಇನ್ನೊಂದಕ್ಕೆ ಕ್ಲಬ್ಬಿನ ತಲೆ 17 ಸೆಂಟಿಮೀಟರಿನಷ್ಟು ಸರಿದಿರುತ್ತದೆ. ಚೆಂಡು ಮುಟ್ಟುವ ಕ್ಷಣ ಎರಡು ಚಿತ್ರಗಳ ನಡುವೆ ತಪ್ಪಿಸಿಕೊಳ್ಳುವ ಸಂಭವವೇ ಹೆಚ್ಚು. ಮುಖ ಎಷ್ಟು ಡಿಗ್ರಿ ತೆರೆದಿತ್ತು ಎಂದು ಅದರಲ್ಲಿ ಓದಲಾಗದು. ನಿಲುವು, ಹಿಡಿತ, ಕ್ಲಬ್ ಕೆಳಗಿಳಿಯುವ ದಾರಿ ಇವಷ್ಟೇ ಕಾಣುತ್ತವೆ, ಅದೂ ಕ್ಯಾಮೆರಾ ಕೈಯ ಮಟ್ಟದಲ್ಲಿ ಒಮ್ಮೆ ಆಟಗಾರನ ಎದುರಿಗೆ, ಒಮ್ಮೆ ಗುರಿಯ ಗೆರೆಯ ಹಿಂದೆ ಅಲುಗದೆ ನಿಂತಿದ್ದರೆ. ಹಾಗಾಗಿ ವಿಡಿಯೊ ಜೊತೆಗೆ ಪ್ರತಿ ಚೆಂಡು ಯಾವ ದಿಕ್ಕಿಗೆ ಹೊರಟು ಯಾವ ಕಡೆಗೆ ಬಾಗಿತು ಎಂಬುದನ್ನೂ ಬರೆದು ಕಳಿಸಬೇಕು. ಹೊರಟ ದಿಕ್ಕು ಮುಖವನ್ನು ಹೇಳುತ್ತದೆ, ಬಾಗಿದ ಪ್ರಮಾಣ ದಾರಿಯನ್ನು ಹೇಳುತ್ತದೆ. ಕ್ಯಾಮೆರಾ ಹಿಡಿಯದ ಆ ಕ್ಷಣವನ್ನು ಕೋಚ್ ಈ ಎರಡರಿಂದ ಲೆಕ್ಕ ಹಾಕಿಕೊಳ್ಳಬಲ್ಲರು.